ಸುತ್ತುದಾರಿಯ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಲಿನಕ್ಸ್ ಕಂಪ್ಯೂಟರಿನಲ್ಲಿ ‘ಎಲ್‌ಎಸ್’ ಅಂತ ಟೈಪ್ ಮಾಡಿದರೆ ಫೈಲುಗಳ ಹೆಸರು ಬರುತ್ತವೆ. ಸಣ್ಣ ಕೆಲಸ, ಅಲ್ವಾ? ಆದರೆ ಆ ಪ್ರೋಗ್ರಾಂ ಶುರುವಾಗುವ ಮೊದಲು ಲೋಡರ್ ಅನ್ನುವ ಸಹಾಯಕ ಬಂದು, ಬೇಕಾದ ಲೈಬ್ರರಿಗಳನ್ನು, ಅಂದರೆ ಮೊದಲೇ ಬರೆದಿಟ್ಟ ಕೋಡಿನ ಕಂತೆಗಳನ್ನು, ಹುಡುಕಿ ಜೋಡಿಸುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಮೂಲ ಕೆಲಸಗಳ ಲೈಬ್ರರಿಯಾದ ಲಿಬ್‌ಸಿ. ಹೆಚ್ಚುಕಮ್ಮಿ ಎಲ್ಲ ಪ್ರೋಗ್ರಾಂಗಳೂ ಅದನ್ನೇ ಬಳಸುತ್ತವೆ. ಆದರೂ ಅದರ ಕೋಡ್ ಮೆಮೊರಿಯಲ್ಲಿ ಇರುವುದು ಒಂದೇ ಪ್ರತಿ. ಶೇರ್ಡ್ ಲೈಬ್ರರಿ ಅಂದರೆ ಇದೇ.

ಮೆಮೊರಿ ಉಳಿಯಿತು, ಸರಿ. ಆದರೆ ಲೈಬ್ರರಿ ಒಂದೊಂದು ಪ್ರೋಗ್ರಾಂನಲ್ಲಿ ಒಂದೊಂದು ವಿಳಾಸದಲ್ಲಿ ಕೂರಬಹುದು. ಲೈಬ್ರರಿಯಲ್ಲಿ ಒಂದೊಂದು ಕೆಲಸಕ್ಕೆ ಇರುವ ಕೋಡಿನ ತುಂಡಿಗೆ ಫಂಕ್ಷನ್ ಅನ್ನುತ್ತಾರೆ. ಹಾಗಾಗಿ, ಅಕ್ಷರಗಳನ್ನು ತೋರಿಸುವ ‘ಪ್ರಿಂಟ್‌ಎಫ್’ ಫಂಕ್ಷನನ್ನು ಕರೆದಾಗ ನೇರ ಅಲ್ಲಿಗೆ ಹೋಗಲು ಆಗುವುದಿಲ್ಲ. ಲೋಡರ್ ಹೆಸರು ಹಿಡಿದು ಹುಡುಕಿ, ಸಿಕ್ಕ ವಿಳಾಸವನ್ನು ಒಂದು ಪಟ್ಟಿಯಲ್ಲಿ ಬರೆದಿಡುತ್ತದೆ. ಆಮೇಲೆ ಪ್ರತಿ ಸಲ ಆ ಪಟ್ಟಿ ನೋಡಿಕೊಂಡೇ ಹೋಗಬೇಕು. ಈ ಸುತ್ತುದಾರಿ ಒಂದು ಸಲಕ್ಕೆ ಏನೂ ಅಲ್ಲ. ಕೋಟಿಗಟ್ಟಲೆ ಸಲ ಸುತ್ತಿದಾಗ ತಿಳಿಯುತ್ತದೆ.

2020ರಲ್ಲಿ ಬಂದ ಫೆಡೋರಾ 32 ಅನ್ನುವ ಲಿನಕ್ಸ್ ಆವೃತ್ತಿಯ ಕಥೆ ಕೇಳಿ. ಅಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೆಲಸವೆಲ್ಲ ನಡೆಯುವುದು ಒಂದು ಶೇರ್ಡ್ ಲೈಬ್ರರಿಯಲ್ಲಿ. ಅದರೊಳಗಿನ ಒಂದು ಫಂಕ್ಷನ್ ಪಕ್ಕದಲ್ಲೇ ಇರುವ ಇನ್ನೊಂದನ್ನು ಕರೆಯುವುದಕ್ಕೂ ಪಟ್ಟಿಯ ದಾರಿಯನ್ನೇ ಹಿಡಿಯುತ್ತಿತ್ತು. ಯಾಕೆಂದರೆ ಹೊರಗಿನವರು ಅದೇ ಹೆಸರಿನ ತಮ್ಮ ಫಂಕ್ಷನನ್ನು ಮಧ್ಯೆ ತೂರಿಸಲು ಲಿನಕ್ಸ್‌ನಲ್ಲಿ ಅವಕಾಶವಿದೆ. ಆ ಅವಕಾಶ ಬೇಕಾದವರು ತೀರಾ ಕಡಿಮೆ, ದಂಡ ಮಾತ್ರ ಎಲ್ಲರಿಗೂ. ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಕಂಪೈಲರಿಗೆ ಒಂದು ಆಯ್ಕೆ ಕೊಟ್ಟು, ಫೆಡೋರಾದವರು ಪೈಥಾನ್ ಮಟ್ಟಿಗೆ ಆ ಅವಕಾಶವನ್ನು ಕೈಬಿಟ್ಟರು. ಕೆಲಸಕ್ಕೆ ತಕ್ಕ ಹಾಗೆ ಪೈಥಾನ್ ಶೇಕಡಾ 5ರಿಂದ 27ರವರೆಗೆ ಚುರುಕಾಯಿತು! ಇಷ್ಟು ವರ್ಷ ಸುಮ್ನೆ ಕಳೆದುಕೊಂಡೆವಲ್ಲ ಅಂತ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಹಾಗಂತ ಲೈಬ್ರರಿಗಳನ್ನೆಲ್ಲ ಪ್ರೋಗ್ರಾಂ ಒಳಗೇ ತುಂಬಿಬಿಡೋಣವೇ? ಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ಹೆಚ್ಚಾಗಿ ಹಾಗೇ ಮಾಡುತ್ತದೆ. ಆದರೆ 2014ರ ಏಪ್ರಿಲ್ ನೆನಪಿಸಿಕೊಳ್ಳಿ. ಜಾಲದಲ್ಲಿ ಹೋಗುವ ಮಾಹಿತಿಗೆ ಬೀಗ ಹಾಕುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾಯಿತು. ಸರ್ವರಿನ ಮೆಮೊರಿಯಿಂದ ಪಾಸ್‌ವರ್ಡು, ಗುಟ್ಟಿನ ಕೀ ಸೋರಿಹೋಗುವ ಅಪಾಯ. ಹಂಚಿಕೊಂಡ ಲೈಬ್ರರಿ ಇದ್ದ ಕಡೆ ಅದೊಂದನ್ನು ಬದಲಿಸಿದರೆ ಸಾಕಿತ್ತು. ಒಳಗೇ ತುಂಬಿಕೊಂಡಿದ್ದ ಪ್ರೋಗ್ರಾಂಗಳನ್ನು ಒಂದೊಂದಾಗಿ ಹುಡುಕಿ ಮತ್ತೆ ಕಟ್ಟಬೇಕಿತ್ತು. ಅದಕ್ಕೇ ನಾನು ಹೇಳುವುದು, ಹಗಲೂ ರಾತ್ರಿ ಲೆಕ್ಕ ಮಾಡುವ ಕೋಡ್ ಪ್ರೋಗ್ರಾಂ ಒಳಗೇ ಇರಲಿ, ಬೀಗದ ಕೆಲಸ ಮಾಡುವ ಲೈಬ್ರರಿ ಹಂಚಿಕೆಯಲ್ಲೇ ಇರಲಿ.

ಒಂದು ಎಚ್ಚರ. ಫೈಲ್ ಬದಲಿಸಿದರೂ, ಆಗಲೇ ಓಡುತ್ತಿರುವ ಪ್ರೋಗ್ರಾಂ ಹಳೇ ಪ್ರತಿಯನ್ನೇ ಹಿಡಿದುಕೊಂಡಿರುತ್ತದೆ. ಯಾವ ಪ್ರೋಗ್ರಾಂ ಯಾವ ಫೈಲನ್ನು ಹಿಡಿದಿದೆ ಅಂತ ತೋರಿಸುವ ‘ಎಲ್‌ಎಸ್‌ಒಎಫ್’ ಹಾಕಿ ನೋಡಿ. ಡಿಸ್ಕಿನಲ್ಲಿ ಅಳಿಸಿಹೋದ ಲೈಬ್ರರಿ ಅಲ್ಲಿ ಇನ್ನೂ ಕಾಣುತ್ತಿದ್ದರೆ, ಆ ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಿ.