ಹೂಮಳೆ ಬೀಳದ ಮೊಗ್ಗು: ಪಿಸಿಓಎಸ್ ಅಂದ್ರೆ ನಿಜಕ್ಕೂ ಏನು?

[ದೃಶ್ಯ: ಕಾಫಿ ಗಿಡದ ಕೊಂಬೆ. ಗಂಟುಗಂಟಿಗೂ ಮೊಗ್ಗು.]

ಫೆಬ್ರವರಿ ಕೊನೆ. ಮೊಗ್ಗು ಕಟ್ಟಿದೆ, ಹೂಮಳೆ ಬಿದ್ದಿಲ್ಲ. ಕೊಡಗಿನಲ್ಲಿ ತೋಟ ಇರೋ ಮನೆಯವರಿಗೆ ಈ ಟೆನ್ಶನ್ ಹೇಳಿಕೊಡಬೇಕಾಗಿಲ್ಲ. ಮಳೆ ಬಿದ್ರೆ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಬೀಳದಿದ್ರೆ ಮೊಗ್ಗು ಹಾಗೇ ನಿಂತಿರುತ್ತೆ. ಈಗ ಇದನ್ನ ನೋಡಿ.

[ದೃಶ್ಯ: ಅಂಡಾಶಯದ ಸ್ಕ್ಯಾನ್. ಅಂಚಿನುದ್ದಕ್ಕೂ ಕಪ್ಪು ಚುಕ್ಕೆ.]

ಪಿಸಿಓಎಸ್ ಅಂದ್ರೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್. ರಿಪೋರ್ಟಲ್ಲಿ 'ಪಾಲಿಸಿಸ್ಟಿಕ್', ಅಂದ್ರೆ 'ಬಹಳ ಗುಳ್ಳೆ ಇರೋ' ಅಂತ ಬಂದ ಕೂಡಲೇ ಮನೇಲಿ ಮೊದಲ ಪ್ರಶ್ನೆ, "ಗುಳ್ಳೆ ಆಪರೇಷನ್ ಮಾಡಿ ತೆಗೆಸ್ಬೇಕಾ?" ಬೇಡ. ಇವು ನಾವು ಅಂದುಕೊಂಡ ಗುಳ್ಳೆಯೇ ಅಲ್ಲ. ಅಂಡ ಇರೋ ಪುಟ್ಟ ಚೀಲಗಳು, ಅರ್ಧ ಬೆಳೆದು ನಿಂತುಬಿಟ್ಟಿವೆ. 1935ರಲ್ಲಿ ಶಿಕಾಗೋದ ಡಾಕ್ಟರುಗಳಾದ ಸ್ಟೈನ್ ಮತ್ತು ಲೆವೆಂಥಾಲ್ ಇದನ್ನ ವಿವರಿಸಿದಾಗ ಕಣ್ಣಿಗೆ ಬಿದ್ದದ್ದು ಅಂಡಾಶಯ. ಹೆಸರೂ ಅದಕ್ಕೇ ಅಂಟಿಕೊಳ್ತು, ನಮ್ಮ ದಾರಿ ತಪ್ಪಿಸ್ತು.

ಮೊಗ್ಗನ್ನ ತಡೆದದ್ದು ಯಾರು? ಬಹಳಷ್ಟು ಜನರಲ್ಲಿ ಇನ್ಸುಲಿನ್ನಿಗೆ, ಅಂದ್ರೆ ರಕ್ತದ ಸಕ್ಕರೆಯನ್ನ ಹತೋಟಿಯಲ್ಲಿಡೋ ಹಾರ್ಮೋನಿಗೆ, ಇದರಲ್ಲಿ ದೊಡ್ಡ ಪಾಲಿದೆ. ದೇಹ ಅದರ ಮಾತು ಸರಿಯಾಗಿ ಕೇಳಲ್ಲ, ಹಾಗಾಗಿ ರಕ್ತದಲ್ಲಿ ಅದು ಇನ್ನೂ ಏರುತ್ತೆ. ಆ ಏರಿಕೆ ಅಂಡಾಶಯದಲ್ಲಿ ಗಂಡು ಹಾರ್ಮೋನನ್ನೂ ಏರಿಸುತ್ತೆ. ಮುಟ್ಟು ಮುಂದೆ ಹೋಗುತ್ತೆ, ಗಲ್ಲದ ಮೇಲೆ ಕೂದಲು, ಮೊಡವೆ.

[ದೃಶ್ಯ: ಕತ್ತಿನ ಹಿಂಭಾಗ, ಚಿನ್ನದ ಸರ.]

ಸರದ ಕೆಳಗೆ ಮಖಮಲ್ಲಿನ ಹಾಗೆ ದಪ್ಪಗೆ ಕಪ್ಪಾಗಿರುತ್ತಲ್ಲ, ಕಡ್ಲೆಹಿಟ್ಟು ಹಾಕಿ ಅಮ್ಮ ಉಜ್ಜಿ ಉಜ್ಜಿ ಕೆಂಪು ಮಾಡ್ತಾರಲ್ಲ? ಅದು ಕೊಳೆ ಅಲ್ಲಮ್ಮ. ಹೆಚ್ಚಾಗಿ ಇನ್ಸುಲಿನ್ ಬಿಟ್ಟ ಗುರುತು. ತೆಳ್ಳಗಿರೋ ಹುಡುಗಿಯರಿಗೂ ಪಿಸಿಓಎಸ್ ಬರುತ್ತೆ, ನೆನಪಿರಲಿ.

ಸ್ಕ್ಯಾನ್ ಒಂದನ್ನೇ ನೋಡಿ ತೀರ್ಮಾನ ಮಾಡೋ ಹಾಗಿಲ್ಲ. 2003ರ ರಾಟರ್‌ಡ್ಯಾಮ್ ಮಾನದಂಡದಂತೆ ಮೂರರಲ್ಲಿ ಎರಡು ಇರಬೇಕು: ಮುಟ್ಟಿನ ಏರುಪೇರು, ಗಂಡು ಹಾರ್ಮೋನಿನ ಲಕ್ಷಣ, ಸ್ಕ್ಯಾನಲ್ಲಿ ಆ ಚುಕ್ಕೆಗಳು. ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸೋ ಹಾರ್ಮೋನು) ತೊಂದರೆ ಇಲ್ಲ ಅಂತಲೂ ಖಚಿತ ಆಗಬೇಕು. ಮೈನೆರೆದು ಎಂಟು ವರ್ಷ ಆಗದ ಹುಡುಗಿಗೆ ಈ ಚುಕ್ಕೆ ಸಹಜವಾಗಿಯೂ ಕಾಣುತ್ತೆ, ಅದಕ್ಕೆ ಸ್ಕ್ಯಾನ್ ಲೆಕ್ಕಕ್ಕಿಲ್ಲ.

ಊಟದ ವಿಷಯಕ್ಕೆ ಬರೋಣ. ಜಗಳ ಇರೋದೇ ಇಲ್ಲಿ.

[ದೃಶ್ಯ: ತಟ್ಟೆಯಲ್ಲಿ ಕಡಂಬುಟ್ಟು, ಪಂದಿ ಕರಿ.]

ಕಡಂಬುಟ್ಟು, ಅದೇ ನಮ್ಮ ಅಕ್ಕಿ ತರಿಯ ಉಂಡೆ, ಬಿಡಿ ಅಂತ ನಾನು ಹೇಳಲ್ಲ, ಹೇಳಿದ್ರೆ ಯಾರು ಕೇಳ್ತಾರೆ! ಆರು ತಿನ್ನೋ ಕಡೆ ಮೂರು ತಿನ್ನಿ, ಉಳಿದ ಜಾಗಕ್ಕೆ ಕಣಿಲೆ, ಸೊಪ್ಪು, ಕಾಳು ಬರಲಿ. ಆದ್ರೆ ಬೆಲ್ಲದ ಕಾಫಿ! "ಬೆಲ್ಲ ತಾನೇ" ಅಂತ ದಿನಕ್ಕೆ ಐದು ಲೋಟ ಕುಡಿಯೋರು ಇದ್ದಾರೆ. ಇನ್ಸುಲಿನ್ನಿಗೆ ಬೆಲ್ಲವೂ ಸಕ್ಕರೆಯೇ. ತೂಕ ಜಾಸ್ತಿ ಇದ್ದವರಿಗೆ ನೂರಕ್ಕೆ ಐದು ಭಾಗ ಇಳಿದರೂ ಎಷ್ಟೋ ಸಲ ಮುಟ್ಟು ಸರಿದಾರಿಗೆ ಬರುತ್ತೆ.

ವಾಕಿಂಗ್? ಬೆಳಗ್ಗೆ ಹೊರಟರೆ ದಾರಿಯಲ್ಲಿ ಆನೆ, ಜೂನ್ ಬಂತಂದ್ರೆ ಮಳೆ. ಮನೆಯ ಮೆಟ್ಟಿಲು ಹತ್ತಿ ಇಳಿಯಿರಿ, ಬಸ್ಕಿ ಹೊಡೆಯಿರಿ, ವಾರಕ್ಕೆ 150 ನಿಮಿಷ ಆಗಲಿ. ಮೂಲೆಯಲ್ಲಿ ಹಾಕಿ ಆಟದ ಸ್ಟಿಕ್ ಇದ್ರೆ ಇನ್ನೂ ಒಳ್ಳೇದು.

ಮೂರು ತಿಂಗಳಾದರೂ ಮುಟ್ಟಾಗಿಲ್ಲ ಅಂದ್ರೆ ಡಾಕ್ಟರ ಹತ್ರ ಹೋಗಲೇಬೇಕು. ಗರ್ಭಕೋಶದ ಒಳಪದರ ಕಳಚಿಕೊಳ್ಳದೆ ದಪ್ಪ ಆಗ್ತಾ ಹೋಗುತ್ತೆ, ವರ್ಷಗಟ್ಟಲೆ ಹಾಗೇ ಬಿಟ್ರೆ ಅಲ್ಲಿ ಕ್ಯಾನ್ಸರಿನ ಅಪಾಯ ಜಾಸ್ತಿ. ಹಾರ್ಮೋನು ಮಾತ್ರೆ ಕೊಡೋದು ಇದಕ್ಕೇ. ಮೆಟ್‌ಫಾರ್ಮಿನ್ ಅನ್ನೋ ಸಕ್ಕರೆ ಕಾಯಿಲೆಯ ಮಾತ್ರೆ ಇನ್ಸುಲಿನ್ನಿನ ಕಡೆಯಿಂದ ಕೆಲಸ ಮಾಡುತ್ತೆ.

"ಮಕ್ಕಳಾಗಲ್ವಂತೆ" ಅನ್ನೋ ಮದುವೆಮನೆ ಪಿಸುಮಾತು ಸುಳ್ಳು. ಎಷ್ಟೋ ಜನರಿಗೆ ತಾನಾಗಿಯೇ ಆಗುತ್ತೆ. ಆಗದಿದ್ರೆ ಅಂಡ ಬಿಡುಗಡೆ ಮಾಡಿಸೋಕೆ ಲೆಟ್ರೊಜೋಲ್ ಮಾತ್ರೆ ಇದೆ, ಅದೇ ನಿಮ್ಮ ಪಾಲಿನ ಹೂಮಳೆ.

ಡಾಕ್ಟರ್ ಮೊದಲು ಕೇಳೋದು, "ಕೊನೇ ಡೇಟ್ ಯಾವತ್ತು?" ಆಗ ಎಲ್ಲರೂ ಸೀಲಿಂಗ್ ನೋಡ್ತೀವಿ. ಅಪ್ಪ ಇವತ್ತಿನ ಮಳೆ 2 ಇಂಚು 40 ಸೆಂಟು ಅಂತ ಬರೆದಿಡ್ತಾರಲ್ಲ, ಆ ಕ್ಯಾಲೆಂಡರಿನ ಇನ್ನೊಂದು ಮೂಲೆ ಖಾಲಿ ಇದೆ.

[ದೃಶ್ಯ: ಗೋಡೆ ಕ್ಯಾಲೆಂಡರ್. ಒಂದೇ ಚೌಕದಲ್ಲಿ ಮಳೆಯ ಅಂಕಿ, ಪಕ್ಕದಲ್ಲಿ ಕೆಂಪು ಚುಕ್ಕೆ.]