ಗಂಡು ಮೀನಿನ ಹೊಟ್ಟೆಯಲ್ಲಿ ಮೊಟ್ಟೆ

ಕೇಳುಗರೇ, ನಮಸ್ಕಾರ.

ಮನೆಯಲ್ಲಿ ಮೀನು ಕೊಯ್ದು ಅಭ್ಯಾಸ ಇರುವವರಿಗೆ ಇದು ಗೊತ್ತು. ಹೆಣ್ಣು ಮೀನಾದರೆ ಹೊಟ್ಟೆ ತುಂಬ ಮೊಟ್ಟೆ, ರವೆಯ ಹಾಗೆ ಸಣ್ಣ ಸಣ್ಣ ಕಾಳು. ಗಂಡಾದರೆ ಉದ್ದಕ್ಕೆ ಎರಡು ಬಿಳಿ ಪಟ್ಟಿ, ನುಣುಪಾಗಿರುತ್ತವೆ. ಎರಡೂ ಒಂದೇ ಮೀನಿನಲ್ಲಿ ಸಿಕ್ಕರೆ ಏನು ಹೇಳೋಣ?

1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಸಿಕ್ಕವು. ಲೀ ನದಿಯ ಹತ್ತಿರ, ಚರಂಡಿ ನೀರು ಶುದ್ಧಿ ಮಾಡುವ ಘಟಕದ ಹೊಂಡಗಳಲ್ಲಿ ಗಾಳ ಹಾಕುತ್ತಿದ್ದವರ ಕೈಗೆ. ಅವು ರೋಚ್ ಮೀನುಗಳು, ಬೆಳ್ಳಿ ಮೈ, ಕೆಂಪು ರೆಕ್ಕೆ, ನಮ್ಮ ಕಾಟ್ಲಾ ರೋಹುಗಳ ದೂರದ ನೆಂಟರು. ಆ ಗಂಡು ಮೀನಿನ ವೃಷಣವನ್ನು ತೆಳ್ಳಗೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಪುಡಿ ಚೆಲ್ಲಿದ ಹಾಗೆ ಕಾಣುವ ವೀರ್ಯಕಣಗಳ ನಡುವೆ ಗುಂಡಗೆ, ದೊಡ್ಡದಾಗಿ ಮೊಟ್ಟೆಗಳು ಕೂತಿರುತ್ತವೆ.

ಕಾರಣ ಹುಡುಕಲು ಬಹಳ ವರ್ಷ ಹಿಡಿಯಿತು. ಬ್ರೂನೆಲ್ ವಿಶ್ವವಿದ್ಯಾಲಯದ ಜಾನ್ ಸಂಪ್ಟರ್ ಮತ್ತು ಜೊತೆಗಾರರು ಗಂಡು ಟ್ರೌಟ್ ಮೀನುಗಳನ್ನು ಪಂಜರದಲ್ಲಿಟ್ಟು, ಘಟಕದಿಂದ ಹೊರಬೀಳುವ ನೀರಿನಲ್ಲಿ ಕೆಲವು ವಾರ ಬಿಟ್ಟರು. ಆಮೇಲೆ ರಕ್ತ ತೆಗೆದು ನೋಡಿದರೆ ಅದರಲ್ಲಿ ವಿಟೆಲೊಜೆನಿನ್ ತುಂಬಿತ್ತು. ಇದು ಮೊಟ್ಟೆಯ ಹಳದಿ ಭಾಗಕ್ಕೆ ಬೇಕಾದ ಪ್ರೋಟೀನು, ಹೆಣ್ಣು ಮೀನಿನ ಲಿವರ್ ತಯಾರಿಸುವಂಥದ್ದು. ಗಂಡಿನ ಲಿವರ್‌ಗೂ ಅದನ್ನು ಮಾಡಲು ಬರುತ್ತದೆ, ಆದರೆ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನ್ ಬಂದು ಸ್ವಿಚ್ ಒತ್ತಬೇಕು. ಅಂದರೆ ನೀರಿನಲ್ಲಿ ಯಾವುದೋ ಒಂದು ಆ ಸ್ವಿಚ್ ಒತ್ತುತ್ತಿತ್ತು. 1998ರಲ್ಲಿ ಸೂಸನ್ ಜಾಬ್ಲಿಂಗ್ ಮತ್ತು ತಂಡ ಹಲವು ನದಿಗಳ ಲೆಕ್ಕ ಮುಂದಿಟ್ಟಿತು. ಏರ್, ನೀನ್ ನದಿಗಳಲ್ಲಿ ಘಟಕದ ನೀರು ಸೇರುವ ಜಾಗದಿಂದ ಕೆಳಗೆ ಕೆಲವು ಕಡೆ ಹಿಡಿದ ಗಂಡು ರೋಚ್‌ಗಳೆಲ್ಲವೂ ಹೀಗೇ ಆಗಿದ್ದವು.

ಕಾರ್ಖಾನೆಯ ಕೆಮಿಕಲ್ಲೇ ಇರಬೇಕು ಅಂತ ನಿಮಗೂ ಅನ್ನಿಸಬಹುದು. ಏರ್ ನದಿಯಲ್ಲಿ ಉಣ್ಣೆ ತೊಳೆಯುವ ಮಾರ್ಜಕದಿಂದ ಬಂದ ನೊನೈಲ್‌ಫಿನಾಲ್ ಇತ್ತು, ಅದೂ ಈಸ್ಟ್ರೊಜೆನ್ ಥರವೇ ನಟಿಸುತ್ತದೆ. ಆದರೆ ಊರುಗಳ ಚರಂಡಿ ನೀರನ್ನು ಸೋಸಿ ಸೋಸಿ ನೋಡಿದಾಗ ಮುಖ್ಯವಾಗಿ ಸಿಕ್ಕಿದ್ದು ಮನುಷ್ಯರ ಮೈಯ ಹಾರ್ಮೋನುಗಳೇ. ಜೊತೆಗೆ ಗರ್ಭನಿರೋಧಕ ಮಾತ್ರೆಯ ಎಥಿನೈಲ್‌ಈಸ್ಟ್ರಡಯಾಲ್ ಎಂಬ ಕೃತಕ ಈಸ್ಟ್ರೊಜೆನ್.

ಇಲ್ಲಿ ನನಗೆ ತುಂಬ ಆಶ್ಚರ್ಯ ಕೊಟ್ಟ ಸಂಗತಿ ಒಂದಿದೆ. ನಮ್ಮ ಮೈ ಈ ಹಾರ್ಮೋನನ್ನು ಹಾಗೇ ಹೊರಗೆ ಬಿಡುವುದಿಲ್ಲ. ಅದಕ್ಕೆ ಇನ್ನೊಂದು ಅಣು ಅಂಟಿಸಿ, ಒಂಥರಾ ಬೀಗ ಹಾಕಿ, ಮೂತ್ರದಲ್ಲಿ ಕಳಿಸುತ್ತದೆ. ಚರಂಡಿಯಲ್ಲಿರುವ ಬ್ಯಾಕ್ಟೀರಿಯಾಗಳು ಆ ಬೀಗ ಮುರಿಯುತ್ತವೆ. ಸುಮ್ನೆ ಮಲಗಿದ್ದ ಹಾರ್ಮೋನ್ ನದಿ ಮುಟ್ಟುವಷ್ಟರಲ್ಲಿ ಮತ್ತೆ ಎದ್ದಿರುತ್ತದೆ. ಮಾತ್ರೆಯ ಹಾರ್ಮೋನಂತೂ ಮೈಯಲ್ಲಿ ಬೇಗ ನಾಶವಾಗದ ಹಾಗೆಯೇ ತಯಾರಾದದ್ದು, ಇಲ್ಲದಿದ್ದರೆ ನುಂಗಿದ ಮಾತ್ರೆ ಕೆಲಸ ಮಾಡುವುದಾದರೂ ಹೇಗೆ, ಅಲ್ವಾ? ಹಾಗಂತ ಮಾತ್ರೆ ತೆಗೆದುಕೊಳ್ಳುವ ಹೆಂಗಸರನ್ನು ದೂರಬೇಡಿ. ಗಂಡಸರು, ಹೆಂಗಸರು, ಬಸುರಿಯರು, ಎಲ್ಲರ ಮೈಯಿಂದಲೂ ಈಸ್ಟ್ರೊಜೆನ್ ಹೊರಗೆ ಹೋಗುತ್ತದೆ.

ಎಷ್ಟು ಸಾಕು ಗೊತ್ತಾ? ಹತ್ತು ಸಾವಿರ ಲೀಟರಿನ ನೀರಿನ ಟ್ಯಾಂಕರ್‌ಗಳನ್ನು ಕಲ್ಪಿಸಿಕೊಳ್ಳಿ, ಒಂದು ಲಕ್ಷ ಟ್ಯಾಂಕರ್. ಅಷ್ಟೂ ನೀರಿಗೆ ಒಂದು ಚಮಚ ಸಕ್ಕರೆಯಷ್ಟು, ಸುಮಾರು 5 ಗ್ರಾಂ ಎಥಿನೈಲ್‌ಈಸ್ಟ್ರಡಯಾಲ್. ಕೆನಡಾದ ಆಂಟೇರಿಯೊದಲ್ಲಿ ಪ್ರಯೋಗಕ್ಕೆಂದೇ ಮೀಸಲಾದ ಸರೋವರಗಳಿವೆ. ಅದರಲ್ಲಿ 260ನೇ ನಂಬರಿನ ಸರೋವರಕ್ಕೆ ಕರೆನ್ ಕಿಡ್ ಮತ್ತು ತಂಡ ಹೆಚ್ಚುಕಡಿಮೆ ಇದೇ ಪ್ರಮಾಣದಲ್ಲಿ, 2001ರಿಂದ 2003ರವರೆಗೆ ಮೂರು ಬೇಸಿಗೆ ಇದನ್ನು ಬೆರೆಸಿದರು. ಫ್ಯಾಟ್‌ಹೆಡ್ ಮಿನ್ನೊ ಎಂಬ ಪುಟ್ಟ ಮೀನಿನ ಸಂತತಿ ಹೆಚ್ಚುಕಡಿಮೆ ಅಳಿದೇ ಹೋಯಿತು. ಅವು ಬದುಕುವುದೇ ಕೆಲವು ವರ್ಷ, ಒಂದೆರಡು ವರ್ಷ ಮರಿ ಆಗದಿದ್ದರೆ ಮುಗಿಯಿತು. ಅವನ್ನು ತಿನ್ನುವ ದೊಡ್ಡ ಟ್ರೌಟ್‌ಗಳೂ ಊಟವಿಲ್ಲದೆ ಕಡಿಮೆಯಾದವು. ಬೆರೆಸುವುದು ನಿಂತ ಮೇಲೆ ಕೆಲವು ವರ್ಷಗಳಲ್ಲಿ ಮಿನ್ನೊಗಳು ಮರಳಿದವು, ಪುಣ್ಯಕ್ಕೆ.

ಇಂಗ್ಲೆಂಡಿನ ರೋಚ್‌ಗಳು ಹಾಗೆ ಅಳಿಯಲಿಲ್ಲ, ಅದನ್ನೂ ಹೇಳಬೇಕು. ಆದರೆ ವೃಷಣದಲ್ಲಿ ಜಾಸ್ತಿ ಮೊಟ್ಟೆ ಇರುವ ಗಂಡುಗಳಿಗೆ ಮರಿಗಳಾಗುವುದು ಕಡಿಮೆ.

ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಅರ್ಕಾವತಿಗೆ ಸೇರುತ್ತದೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ನೊರೆ ಕಂಡರೆ ಬೈಯುತ್ತೇವೆ, ನಾತಕ್ಕೆ ಮೂಗು ಮುಚ್ಚುತ್ತೇವೆ. ಹಾರ್ಮೋನಿಗೆ ನೊರೆಯೂ ಇಲ್ಲ, ನಾತವೂ ಇಲ್ಲ. ಅಲ್ಲಿನ ಮೀನುಗಳನ್ನೂ ವರ್ಷವರ್ಷ ಕೊಯ್ದು ನೋಡಬೇಕು ಅಂತ ನಾನು ಕೇಳುತ್ತಲೇ ಇರುತ್ತೇನೆ. ಮನೆಯಲ್ಲಿ ಉಳಿದ ಮಾತ್ರೆಗಳನ್ನು ಸಿಂಕಿಗೆ, ಸಂಡಾಸಿಗೆ ಹಾಕಬೇಡಿ, ಆದರೆ ಅದು ಸಣ್ಣ ಪಾಲು. ದೊಡ್ಡ ಕೆಲಸ ಇರುವುದು ಘಟಕದಲ್ಲೇ.

ಆಂಟೇರಿಯೊದ ಕಿಚೆನರ್ ನಗರದಲ್ಲಿ ಆ ಕೆಲಸ ಆಯಿತು. ಅಲ್ಲಿ ಗ್ರ್ಯಾಂಡ್ ನದಿಗೆ ನೀರು ಬಿಡುವ ಘಟಕದ ಕೆಳಗೆ, ರೇನ್‌ಬೋ ಡಾರ್ಟರ್ ಎಂಬ ಬೆರಳುದ್ದದ ಮೀನಿನ ಗಂಡುಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚಿನವುಗಳ ವೃಷಣದಲ್ಲಿ ಮೊಟ್ಟೆ ಇರುತ್ತಿತ್ತು. 2012ರ ಸುಮಾರಿಗೆ ಘಟಕವನ್ನು ಸುಧಾರಿಸಿದರು, ನೀರಿಗೆ ಗಾಳಿ ಹೆಚ್ಚು ಕೊಟ್ಟು, ಹಾರ್ಮೋನನ್ನು ಒಡೆದು ಮುಗಿಸುವ ಬ್ಯಾಕ್ಟೀರಿಯಾಗಳಿಗೆ ಕೆಲಸ ಮಾಡಲು ಅನುಕೂಲ ಮಾಡಿಕೊಟ್ಟರು. ಮೂರು ವರ್ಷದೊಳಗೆ ಆ ಸಂಖ್ಯೆ ನೂರಕ್ಕೆ ಹತ್ತಕ್ಕಿಂತ ಕೆಳಗೆ ಇಳಿದಿತ್ತು.

ನಮಸ್ಕಾರ.