ಗೋಡೆಯ ಕೆಳಗಿನ ಒಂದು ಅಡಿ

ಕೇಳುಗರಿಗೆ ನಮಸ್ಕಾರ.

ಬೀದಿ ಗೋಡೆಯ ಮೇಲೆ ದೊಡ್ಡ ಚಿತ್ರ ಕಂಡರೆ ಎಲ್ಲರೂ ಮೊದಲು ಮುಖ ನೋಡುತ್ತಾರೆ. ಕಿತ್ತೂರು ಚೆನ್ನಮ್ಮನ ಕಣ್ಣು ಹೇಗೆ ಬಂದಿದೆ, ಬೇಂದ್ರೆ ಅಜ್ಜನ ಮೂಗು ಸರಿಯಾಗಿದೆಯೋ ಇಲ್ಲವೋ ಅಂತ. ನಾನು ಮಾತ್ರ ಬಗ್ಗಿ ಗೋಡೆಯ ಬುಡ ನೋಡುತ್ತೇನೆ. ನೆಲದಿಂದ ಒಂದು ಅಡಿ. ಅಷ್ಟು ನೋಡಿದರೆ ಸಾಕು, ಚಿತ್ರ ತೆಗೆದವರಿಗೆ ನಮ್ಮ ಊರಿನ ಮಳೆ ಗೊತ್ತಿತ್ತೋ ಇಲ್ಲವೋ ತಿಳಿದುಬಿಡುತ್ತದೆ. ಹೀಗೆ ಒಮ್ಮೆ ಬಗ್ಗಿ ನಿಂತಾಗ, ಹಾಲು ತರಲು ಹೊರಟಿದ್ದ ಹೆಣ್ಣುಮಗಳೊಬ್ಬರು "ಏನ್ ಬಿತ್ತ್ರೀ ಕಾಕಾ?" ಅಂತ ತಾವೂ ಬಗ್ಗಿ ಹುಡುಕತೊಡಗಿದರು. ಏನೂ ಬಿದ್ದಿಲ್ಲ, ಗೋಡೆ ನೋಡುತ್ತಿದ್ದೇನೆ ಅಂದೆ. ಅವರು ನನ್ನನ್ನೊಮ್ಮೆ ನೋಡಿ, ಗೋಡೆಯನ್ನೊಮ್ಮೆ ನೋಡಿ, ಸುಮ್ನೆ ಹೋದರು.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವನು. ರಿಟೈರ್ ಆದ ಮೇಲೆ ಈ ಚಟ ಹತ್ತಿತು. ರವಿವಾರ ಬೆಳಿಗ್ಗೆ ಧಾರವಾಡದಲ್ಲಿ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸು ಹತ್ತುತ್ತೇನೆ. ಹುಬ್ಬಳ್ಳಿ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಹಿಂದೆಂದೂ ಇಳಿಯದ ಸ್ಟಾಪಿನಲ್ಲಿ ಇಳಿಯುವುದು ನನ್ನ ನಿಯಮ. ನವಲೂರು ಆಗಲಿ, ಉಣಕಲ್ ಆಗಲಿ, ಹೊಸೂರು ಆಗಲಿ. ಇಳಿದವನು ದೊಡ್ಡ ರಸ್ತೆ ಬಿಟ್ಟು ಒಳಗಿನ ಓಣಿ ಹಿಡಿಯುತ್ತೇನೆ. ದೊಡ್ಡ ರಸ್ತೆಯ ಗೋಡೆಗಳು ಬಸ್ಸಿನ ಕಿಟಕಿಯಿಂದಲೇ ಕಾಣುತ್ತವೆ. ಅವನ್ನು ತೆಗೆಸಿದ್ದೂ ಬಸ್ಸಿನಲ್ಲಿ ಹೋಗುವವರಿಗಾಗಿಯೇ. ಓಣಿಯ ಗೋಡೆ ನಡೆಯುವವರದು.

ಏಳರಿಂದ ಒಂಬತ್ತು ಗಂಟೆಯೊಳಗೆ ಹೋಗಬೇಕು. ಬಿಸಿಲಿಗೆ ಹೆದರಿ ಅಲ್ಲ. ಅಂಗಡಿಗಳ ಶೆಟರ್ ಆಗ ಇನ್ನೂ ಇಳಿದಿರುತ್ತವೆ. ಈಚೆಗೆ ಹುಡುಗರು ಶೆಟರ್ ಮೇಲೂ ಚಿತ್ರ ತೆಗೆಯುತ್ತಾರೆ. ಅಂಗಡಿ ತೆರೆದರೆ ಚಿತ್ರ ಸುರುಳಿ ಸುತ್ತಿಕೊಂಡು ಮೇಲೆ ಹೋಗುತ್ತದೆ. ಒಂದು ಸಲೂನಿನ ಶೆಟರಿನಲ್ಲಿ ಒಬ್ಬ ಅಜ್ಜ ಅರ್ಧ ಮೀಸೆ ಬೋಳಿಸಿಕೊಂಡು ಕೂತಿದ್ದಾನೆ. ಇನ್ನರ್ಧ ಮೀಸೆ ಬೋಳಿಸಬೇಕಾದರೆ ಒಂಬತ್ತು ಗಂಟೆಯ ಮೇಲೆ ಬರಬೇಕು ಅನ್ನೋ ತಮಾಷೆ ಅದು. ಅಂಗಡಿ ತೆರೆದ ಮೇಲೆ ಒಳಗೆ ಹೋಗಿ ಕ್ಷೌರ ಮಾಡಿಸಿಕೊಂಡು ಬಂದೆ.

ಮೊದಲು ನಮ್ಮ ಗೋಡೆಗಳ ಮೇಲೆ ಏನಿತ್ತು? ಸಿಮೆಂಟಿನ ಜಾಹೀರಾತು, ಬೀಡಿಯ ಜಾಹೀರಾತು, ಇಲೆಕ್ಷನ್ ಚಿಹ್ನೆ, ಮತ್ತೆ "ಇಲ್ಲಿ ಜಾಹೀರಾತು ಬರೆಯಬಾರದು" ಅನ್ನೋ ಬರಹ. ಫ್ಲೆಕ್ಸ್ ಬಂದ ಮೇಲೆ ಬೋರ್ಡ್ ಬರೆಯುವ ಪೇಂಟರುಗಳ ಕೆಲಸ ಹೋಯಿತು. 2014ರಲ್ಲಿ ಸ್ವಚ್ಛ ಭಾರತ ಅಭಿಯಾನ ಶುರುವಾಯಿತು. 2016ರಲ್ಲಿ ಹುಬ್ಬಳ್ಳಿ-ಧಾರವಾಡ ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. ಸ್ವಚ್ಛತೆಯ ಹೆಸರಿನಲ್ಲಿ, ಅಂದ ಹೆಚ್ಚಿಸುವ ಹೆಸರಿನಲ್ಲಿ ಕಂಪೌಂಡುಗಳಿಗೆ ಬಣ್ಣದ ಯೋಗ ಕೂಡಿಬಂತು. ಚೆನ್ನಮ್ಮ, ರಾಯಣ್ಣ, ಬೇಂದ್ರೆ, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ. ದೊಡ್ಡವರ ಮುಖಗಳು ಬಂದದ್ದು ಸಂತೋಷವೇ. ಆದರೆ ಮೊಬೈಲಿನಲ್ಲಿ ಸಿಗುವ ಒಂದೇ ಫೋಟೋ ನೋಡಿ ಹತ್ತು ಗೋಡೆಗೆ ಇಳಿಸಿದರೆ ನೋಡುವವನಿಗೆ ಬೇಜಾರು. ಆ ಮುಖ ಈ ಗೋಡೆಯ ಮೇಲೆ ಯಾಕಿದೆ ಅಂತ ಗೋಡೆ ಹೇಳಬೇಕಲ್ವಾ?

ನಮ್ಮ ಕಡೆ ಚಿತ್ರ ಬಿಡಿಸುವುದಿಲ್ಲ, ಚಿತ್ರ ತೆಗೆಯುತ್ತೇವೆ. ಈ ಮಾತು ನನಗೆ ತುಂಬಾ ಇಷ್ಟ. ಚಿತ್ರ ಮೊದಲೇ ಗೋಡೆಯೊಳಗೆ ಕೂತಿದೆ, ಕುಂಚ ಹಿಡಿದವನು ಅದನ್ನು ಹೊರಗೆ ತೆಗೆಯುತ್ತಾನೆ ಅನ್ನುವ ಹಾಗಿದೆ. ಹುಬ್ಬಳ್ಳಿಯ ವಿದ್ಯಾನಗರದ ಹಿಂದಿನ ಒಂದು ಓಣಿಯಲ್ಲಿ ಅಂಥದ್ದೊಂದು ಸಿಕ್ಕಿತು. ಎರಡು ಮಾಳಿಗೆಯ ಮನೆ. ಮೇಲಿಂದ ಕೆಳಗಿನ ತನಕ ಮಳೆನೀರಿನ ಪೈಪು. ಅದನ್ನೇ ತಂಬೂರಿಯ ಕಾಂಡ ಮಾಡಿದ್ದಾರೆ. ಪೈಪಿನ ಬುಡದಲ್ಲಿ ಬುರುಡೆ, ಪಕ್ಕದಲ್ಲಿ ಕಣ್ಣು ಮುಚ್ಚಿ ಹಾಡುವ ಹೆಂಗಸು. ಅದು ಗಂಗೂಬಾಯಿಯೋ ಬೇರೆ ಯಾರೋ ಬರೆದಿಲ್ಲ. ನಾನು ಹೋದ ದಿನ ಮಳೆ ಬಂದಿತ್ತು. ಪೈಪಿನೊಳಗೆ ನೀರು ಇಳಿಯುವ ಸದ್ದು. ಕೊಡೆ ಹಿಡಿದು ಅರ್ಧ ಗಂಟೆ ನಿಂತೆ.

ಇನ್ನು ಆ ಒಂದು ಅಡಿಯ ಕಥೆಗೆ ಬರುತ್ತೇನೆ.

ಹಳೇ ಹುಬ್ಬಳ್ಳಿ ಕಡೆ ಒಬ್ಬ ಹುಡುಗ ಏಣಿ ಹತ್ತಿ ಶಾಲೆಯ ಗೋಡೆಗೆ ಚಿತ್ರ ತೆಗೆಯುತ್ತಿದ್ದ. ಕಾಮನ ಹುಣ್ಣಿಮೆಯ ಓಕುಳಿ. ಗೋಡೆಗೆಲ್ಲ ಚೌಕ ಹಾಕಿಕೊಂಡಿದ್ದ. ಕೈಯಲ್ಲಿದ್ದ ಹಾಳೆಯ ಮೇಲೂ ಅಷ್ಟೇ ಚೌಕ. ಒಂದೊಂದು ಚೌಕ ನೋಡಿ ದೊಡ್ಡದು ಮಾಡುತ್ತ ಹೋಗುವುದು ಹಳೆಯ ಪದ್ಧತಿ. ನಾಟಕದ ಪರದೆ ಬರೆಯುವವರೂ ಹಾಗೇ ಮಾಡುತ್ತಿದ್ದರು. ಆದರೆ ಅವನ ಚೌಕಗಳು ನೆಲದ ತನಕ ಬಂದಿರಲಿಲ್ಲ. ಕೆಳಗೆ ಒಂದು ಅಡಿ ಬರೀ ಇಟ್ಟಿಗೆ ಕೆಂಪಿನ ಪಟ್ಟಿ.

"ತಮ್ಮಾ, ಕೆಳಗ ಯಾಕ ಬಿಟ್ಟಿ?" ಅಂದೆ.

"ಅಲ್ಲೆ ಏನ್ ತಗದ್ರೂ ಉಳಿಯಂಗಿಲ್ರೀ ಸರ," ಅಂದ. "ನಮ್ಮ ಅಜ್ಜಿ ಮನೀಗೆ ಹಿಂಗ ಕೆಮ್ಮಣ್ಣ ಬಳೀತಿದ್ಲು. ಹಬ್ಬ ಬಂತಂದ್ರ ಅಷ್ಟ ಮತ್ತ ಬಳದ್ರ ಆತು."

ನಾನು ಮಕ್ಕಳಿಗೆ ಬಣ್ಣದ ಚಕ್ರ ಕಲಿಸಿದೆ, ದೂರ ಹತ್ತಿರ ತೋರಿಸುವುದನ್ನು ಕಲಿಸಿದೆ. ಇದನ್ನು ಕಲಿಸಿರಲಿಲ್ಲ. ನನ್ನ ತಾಯಿಯೂ ಹಾಗೇ ಬಳಿಯುತ್ತಿದ್ದಳು. ಮೇಲೆ ಸುಣ್ಣ, ಕೆಳಗೆ ಕೆಮ್ಮಣ್ಣು. ಚೆಂದಕ್ಕೆ ಅಂದುಕೊಂಡಿದ್ದೆ.

ಚೆಂದಕ್ಕಷ್ಟೇ ಅಲ್ಲ. ಇಟ್ಟಿಗೆಯಲ್ಲಿ, ಗಿಲಾವಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಂದುಗಳಿರುತ್ತವೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಗೋಡೆ ನೆಲದ ನೀರನ್ನು ಮೇಲಕ್ಕೆ ಹೀರುತ್ತದೆ. ಬರುವಾಗ ಆ ನೀರು ಮಣ್ಣಿನ ಉಪ್ಪನ್ನೂ ಇಟ್ಟಿಗೆಯ ಉಪ್ಪನ್ನೂ ಕರಗಿಸಿಕೊಂಡು ಬರುತ್ತದೆ. ಬಿಸಿಲು ಬಿದ್ದಾಗ ನೀರು ಆರಿಹೋಗುತ್ತದೆ, ಉಪ್ಪು ಅಲ್ಲೇ ಉಳಿದು ಹರಳಾಗುತ್ತದೆ. ಹರಳು ಬೆಳೆಯುತ್ತ ಬಣ್ಣವನ್ನು ಒಳಗಿನಿಂದ ತಳ್ಳುತ್ತದೆ. ಸುಣ್ಣದ ಗೋಡೆಯಾದರೆ ನೀರಿನ ಆವಿ ಹಾದುಹೋಗುತ್ತದೆ, ಹೆಚ್ಚೆಂದರೆ ಸ್ವಲ್ಪ ಪುಡಿ ಉದುರುತ್ತದೆ. ಈಗಿನ ಪ್ಲಾಸ್ಟಿಕ್ ಎಮಲ್ಷನ್ ಬಣ್ಣ ಹಾಲಿನ ಕೆನೆಯ ಹಾಗೆ ಪೊರೆ ಕಟ್ಟುತ್ತದೆ. ಅದು ಮೊದಲು ಗುಳ್ಳೆ ಏಳುತ್ತದೆ, ಆಮೇಲೆ ಹಕ್ಕಳೆ ಹಕ್ಕಳೆಯಾಗಿ ಬೀಳುತ್ತದೆ. ಸೂರಿನ ನೀರು ನೆಲಕ್ಕೆ ಬಿದ್ದು ಕೆಸರು ಸಿಡಿಯುವುದೂ ಅದೇ ಒಂದು ಅಡಿಗೆ. ಗುಟ್ಕಾ ಉಗುಳುವವರ ಗುರಿಯೂ ಅಲ್ಲೇ. ಕೆಂಪು ಪಟ್ಟಿ ಇದ್ದರೆ ಅದೂ ಅಷ್ಟಾಗಿ ಕಾಣುವುದಿಲ್ಲ.

ಎರಿ ಭೂಮಿಯ, ಅಂದರೆ ಕಪ್ಪು ಮಣ್ಣಿನ ಕಡೆ ಇನ್ನೊಂದು ಕಷ್ಟ. ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ನಿಂತ ಕಂಪೌಂಡು ಗೋಡೆಯೂ ಬಿರಿಯುತ್ತದೆ. ಒಂದು ಕಡೆ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಹಣೆಯಿಂದ ಗದ್ದದ ತನಕ ಬಿರುಕು ಬಿಟ್ಟಿದೆ. ನೋಡಲು ಸಂಕಟ. ಅದೇ ಗೋಡೆಯ ಇನ್ನೊಂದು ತುದಿಯಲ್ಲಿ ಯಾರೋ ಹೊಸ ಬಿರುಕಿಗೆ ಎಲೆ ಹೂವು ಸೇರಿಸಿ ಬಳ್ಳಿ ಮಾಡಿದ್ದಾರೆ. ಪ್ರತಿ ಬೇಸಿಗೆಗೆ ಬಳ್ಳಿ ಒಂದಿಷ್ಟು ಬೆಳೆಯುತ್ತದೆ!

ಬಾದಾಮಿಗೆ ಹೋದವರು ಮೂರನೆಯ ಗುಹೆಯಲ್ಲಿ ಕತ್ತೆತ್ತಿ ನೋಡಿರುತ್ತೀರಿ. ಚಾಲುಕ್ಯ ಮಂಗಳೇಶ ಮಾಡಿಸಿದ ಗುಹೆ, ಅಲ್ಲಿನ ಶಾಸನದ ಪ್ರಕಾರ 578ನೆಯ ಇಸವಿ. ಅಲ್ಲಿ ಚಿತ್ರಗಳ ತುಣುಕುಗಳು ಇನ್ನೂ ಇವೆ. ಎಲ್ಲಿ ಇವೆ ನೋಡಿ: ಮುಂಚಾಚಿದ ಕಲ್ಲಿನ ಸೂರಿನ ಒಳಬಾಗಿನಲ್ಲಿ. ಮಳೆ ತಾಗದ, ನೆಲದ ತೇವ ಏರದ, ಕೈ ಎಟುಕದ ಜಾಗ. ಮಸುಕಾಗಿವೆ, ನಿಜ. ಆದರೂ ಸಾವಿರದ ನಾನೂರು ವರ್ಷ ದಾಟಿವೆ. ನಮ್ಮ ಕಂಪೌಂಡಿನ ಚಿತ್ರ ನಾಲ್ಕು ಮಳೆಗಾಲ ದಾಟಿದರೆ ನಾನು ಪೇಂಟರ್‌ಗೆ ಚಹಾ ಕುಡಿಸುತ್ತೇನೆ.

ಬಣ್ಣದ ಗುಣವೂ ಮುಖ್ಯ. ಕೆಮ್ಮಣ್ಣು, ಉರಮಂಜು ಅನ್ನೋ ಕೆಂಪು ಪುಡಿ ಇವುಗಳ ಕೆಂಪು ಕಬ್ಬಿಣದ ತುಕ್ಕಿನ ಜಾತಿಯದು. ಬಿಸಿಲಿಗೆ ಅದು ಜಗ್ಗುವುದಿಲ್ಲ. ಡಬ್ಬಿಯಲ್ಲಿ ಬರುವ ಅಗ್ಗದ ಹೊಳಪು ಕೆಂಪು, ಗುಲಾಬಿ, ನಿಂಬೆ ಹಳದಿ ಹಾಗಲ್ಲ. ದಕ್ಷಿಣಕ್ಕೆ ಅಥವಾ ಪಡುವಲಕ್ಕೆ ಮುಖ ಮಾಡಿದ ಗೋಡೆಯಲ್ಲಿ ಬೇಗ ಹಾರಿಹೋಗುತ್ತವೆ. ನೀಲಿ ಗಟ್ಟಿ. ಹಳೆಯ ಸಿನಿಮಾ ಪೋಸ್ಟರ್‌ನಲ್ಲಿ ಹೀರೋ ನೀಲಿ ಬಣ್ಣಕ್ಕೆ ತಿರುಗಿರುವುದನ್ನು ನೋಡಿದ್ದೀರಲ್ಲ, ಅದೇ ಕಾರಣ. ಉಳಿದ ಬಣ್ಣ ಓಡಿಹೋಗಿ ನೀಲಿ ಒಂದೇ ಕಾವಲು ಕೂತಿರುತ್ತದೆ.

ಗದಗಿಗೆ ಹೋದರೆ ನಾನು ಚಿತ್ರಕ್ಕಿಂತ ಅಕ್ಷರ ನೋಡುತ್ತೇನೆ. ಅದು ಪ್ರಿಂಟಿಂಗ್ ಪ್ರೆಸ್ಸುಗಳ ಊರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ಊರು. ನಾಟಕ ಇದ್ದಲ್ಲಿ ಪರದೆ ಬೇಕು, ಬೋರ್ಡು ಬೇಕು. ಟಿ. ಪಿ. ಅಕ್ಕಿಯವರ ಚಿತ್ರಕಲಾ ಶಾಲೆಯೂ ಅಲ್ಲೇ. ಧಾರವಾಡದಲ್ಲಿ ಹಾಲಭಾವಿಯವರದು. ಈ ಎರಡು ಶಾಲೆಗಳಿಂದ ಬಂದ ಎಷ್ಟೋ ಜನ ನಮ್ಮ ಭಾಗದ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮಾಸ್ತರರಾದರು. ಗದಗಿಗೆ ಅಂಟಿಕೊಂಡ ಬೆಟಗೇರಿಯ ಓಣಿಗಳಲ್ಲಿ ಹಳೆಯ ಅಂಗಡಿಯ ನೆತ್ತಿ ನೋಡಿ. ಕೈಯಿಂದ ಬರೆದ ಅಕ್ಷರ, ಅದರ ಬಲಕ್ಕೆ ನೆರಳು, ನೆರಳಿಗೊಂದು ತೆಳು ಬಿಳಿ ಗೆರೆ. ಒತ್ತಕ್ಷರ ಎಲ್ಲೂ ಕೆಳಗಿನ ಸಾಲಿಗೆ ಡಿಕ್ಕಿ ಹೊಡೆದಿರುವುದಿಲ್ಲ. ಕಂಪ್ಯೂಟರಿನಲ್ಲಿ ಮಾಡಿದ ಫ್ಲೆಕ್ಸಿನಲ್ಲಿ ಇದನ್ನು ತೋರಿಸಿ ನೋಡೋಣ.

ಹಾವೇರಿ ಕಡೆ ಹೋಗುವವರಿಗೆ ಶಿಗ್ಗಾವಿ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಗೊತ್ತು. ಕಲಾವಿದ ಟಿ. ಬಿ. ಸೊಲಬಕ್ಕನವರ ಕಟ್ಟಿದ್ದು. ಒಕ್ಕಲುತನ, ಸಂತೆ, ಕಸುಬು ಎಲ್ಲ ಸಿಮೆಂಟಿನ ಮನುಷ್ಯರಾಗಿ ನಿಂತಿವೆ. ಅದು ಗೋಡೆಯ ಮಾತಲ್ಲ, ಹಾಗಾಗಿ ಇಷ್ಟಕ್ಕೇ ಬಿಡುತ್ತೇನೆ.

ಬೆಂಗಳೂರಿನಲ್ಲಿ ಬಾದಲ್ ನಂಜುಂಡಸ್ವಾಮಿ ಅನ್ನುವ ಕಲಾವಿದರು 2015ರಲ್ಲಿ ರಸ್ತೆಯ ಗುಂಡಿಯೊಂದರಲ್ಲಿ ಮೊಸಳೆ ಕೂರಿಸಿದ್ದು ನೆನಪಿದೆಯಾ? ನೀರು ತುಂಬಿದ ಗುಂಡಿ, ಅದರಲ್ಲಿ ಮೊಸಳೆ. ದೇಶವೆಲ್ಲ ನಕ್ಕಿತು. 2019ರಲ್ಲಿ ಚಂದ್ರನ ಮೇಲೆ ನಡೆಯುವವನ ಉಡುಪು ತೊಡಿಸಿ ಒಬ್ಬರನ್ನು ಗುಂಡಿ ಬಿದ್ದ ರಸ್ತೆಯಲ್ಲೇ ನಡೆಸಿದರು. ಅವರಿಗೂ ಜಾಗವೇ ಚಿತ್ರ ಕೊಟ್ಟಿತು. ನಮ್ಮೂರಲ್ಲಿ ಆ ಥರದ ಜಾಗಕ್ಕೆ ಬರವಿಲ್ಲ. ಮೊಸಳೆಯ ಹಿಂಡನ್ನೇ ತರಬೇಕಾದೀತು.

ಕೊನೆಗೆ ನನ್ನ ಓಣಿಯ ವಿಷಯ ಹೇಳದಿದ್ದರೆ ಮೋಸವಾಗುತ್ತದೆ.

ಎರಡು ವರ್ಷದ ಹಿಂದೆ ನಮ್ಮ ಓಣಿಯವರು ಪಟ್ಟಿ ಹಾಕಿ ರೊಕ್ಕ ಕೂಡಿಸಿ ಪಾರ್ಕಿನ ಗೋಡೆಗೆ ಚಿತ್ರ ತೆಗೆಸಿದರು. ದೊಡ್ಡ ನವಿಲು. ಕೆಲಸ ಹಿಡಿದವರು ಮೇ ತಿಂಗಳಲ್ಲಿ ಹೊಸ ಗಿಲಾವು ಮಾಡಿದರು. ಸಿಮೆಂಟ್ ಗಿಲಾವು ಮಾಗಲು 28 ದಿನವಾದರೂ ಬೇಕು. ಆದರೆ ಉದ್ಘಾಟನೆಗೆ ಅತಿಥಿಗಳ ತಾರೀಖು ಗೊತ್ತಾಗಿತ್ತು. ಹತ್ತೇ ದಿನಕ್ಕೆ ಬಣ್ಣ ಬಿತ್ತು. ನನಗೆ ಗೊತ್ತಿತ್ತು. ಮೀಟಿಂಗಿನಲ್ಲಿ ಬಾಯಿ ತೆರೆಯಲಿಲ್ಲ. ಪ್ರತಿಯೊಂದಕ್ಕೂ ಕೊಕ್ಕೆ ಹಾಕುವ ಮುದುಕ ಅನ್ನಿಸಿಕೊಳ್ಳಲು ಮನಸ್ಸಿರಲಿಲ್ಲ. ಎಲ್ಲರ ಜೊತೆ ಚಪ್ಪಾಳೆ ತಟ್ಟಿ, ಪೇಡಾ ತಿಂದು ಬಂದೆ. ಜೂನ್‌ನಲ್ಲಿ ಧಾರವಾಡದ ಜಿಟಿಜಿಟಿ ಮಳೆ ಹಿಡಿಯಿತು. ಶ್ರಾವಣದ ಹೊತ್ತಿಗೆ ನವಿಲಿನ ಎರಡೂ ಕಾಲು ಉದುರಿದ್ದವು.

ಓಣಿಯವರು ಬೈದಾಡಿಕೊಂಡರು. ರೊಕ್ಕ ಕೊಟ್ಟವರು ರೊಕ್ಕದ ಲೆಕ್ಕ ಕೇಳಿದರು. ಪಕ್ಕದ ಮನೆಯ ಎರಡನೆಯ ತರಗತಿಯ ಹುಡುಗಿ ಮಾತ್ರ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದಳು. "ಅಜ್ಜಾ, ನವಿಲ ಹಾರಾಕತ್ತೈತಿ ನೋಡು!"

ನೋಡಿದೆ. ಹೌದು, ಕಾಲಿಲ್ಲದ ನವಿಲು ನೆಲ ಬಿಟ್ಟು ಮೇಲೆದ್ದಿತ್ತು.

ದೀಪಾವಳಿಯ ಹೊತ್ತಿಗೆ ಗೋಡೆ ಒಣಗಿತು. ಹಕ್ಕಳೆ ಕೆರೆದು, ಕೆಳಗಿನ ಒಂದು ಅಡಿಗೆ ನಾನೇ ಉರಮಂಜು ಬಳಿದೆ. ಆ ಹುಡುಗಿ ಬಕೆಟ್ ಹಿಡಿದಿದ್ದಳು. ಕಾಲು ತೆಗೀರಿ ಮಾಸ್ತರ ಅಂತ ಓಣಿಯವರು ಇವತ್ತಿಗೂ ಹೇಳುತ್ತಾರೆ. ನಾನು ತೆಗೆದಿಲ್ಲ.

ನಮಸ್ಕಾರ.